ಮೂರನೇ ಸಾಲಿನ ಕೊನೆಯ ಕುರ್ಚಿ

ಮೂರನೇ ಸಾಲಿನ ಕೊನೆಯ ಕುರ್ಚಿಯವನ ತುಟಿ ಅಲುಗುತ್ತಿತ್ತು.

ಅಕ್ಕ ಅದನ್ನು ಗಮನಿಸಿದ್ದು ಮೊದಲ ಜೋಕು ಮುಗಿಸಿದ ತಮ್ಮ ಎರಡನೆಯದಕ್ಕೆ ಬಂದಾಗ. ಅವನು ಮೈಕಿನ ಮುಂದೆ, ಅವಳು ಪರದೆಯ ಮರೆಯಲ್ಲಿ ನೀರಿನ ಬಾಟಲಿ ಹಿಡಿದು. ತಮ್ಮ ಒಂದು ಮಾತು ಆಡಿದರೆ ಕುರ್ಚಿಯವನ ತುಟಿಯೂ ಅದೇ ಮಾತಿಗೆ ತೆರೆಯುತ್ತಿತ್ತು. ಸ್ವರವಿಲ್ಲ. ಬರೀ ತುಟಿ.

ಅಣಕಿಸುತ್ತಿದ್ದಾನೆ.

ಅದು ಎಲ್ಲರಂತಲ್ಲದವರ ಸಂಜೆ. ಆಟಿಸಂ ಇರುವವರು, ಒಂದು ಕಡೆ ಕೂರಲಾಗದವರು, ಅಕ್ಷರ ಕಂಡರೆ ಕಣ್ಣು ತಡವರಿಸುವವರು ಕವಿತೆ ಓದುತ್ತಿದ್ದರು, ನಗಿಸುತ್ತಿದ್ದರು. ಗ್ರಂಥಾಲಯದ ಮಹಡಿಯ ಸಭಾಂಗಣ ತುಂಬಿತ್ತು. ಇಲ್ಲಿ ದೀಪ ಆರಿಸುವುದಿಲ್ಲ. ಚಪ್ಪಾಳೆಯ ಸದ್ದು ಕೆಲವರಿಗೆ ಆಗದು, ಆದ್ದರಿಂದ ಮೆಚ್ಚಿದವರು ಕೈ ಎತ್ತಿ ಬೀಸಬೇಕು. ಸಭೆಗೆ ಬೆನ್ನು ತಿರುಗಿಸಿ ಕವಿತೆ ಓದಿದ ಹುಡುಗಿಗೂ ಆಗಷ್ಟೇ ಹಾಗೆ ಕೈ ಬೀಸಿದ್ದರು, ಪಾಪ, ಅವಳು ನೋಡಲೇ ಇಲ್ಲ. ಫೋಟೊ, ವಿಡಿಯೊ ಕೂಡದು. ಈ ಕೊನೆಯ ನಿಯಮವನ್ನು ಸಂಘಟಕರ ಹತ್ತಿರ ಹಟ ಹಿಡಿದು ಬರೆಸಿದವಳು ಅಕ್ಕನೇ.

ಹಟಕ್ಕೆ ಕಾರಣವಿತ್ತು. ಹೋದ ವರ್ಷ ಬಸ್ಸಿನಲ್ಲಿ ತಮ್ಮ ತನ್ನಷ್ಟಕ್ಕೆ ನಿಲ್ದಾಣಗಳ ಹೆಸರು ಹೇಳಿಕೊಳ್ಳುತ್ತಿದ್ದ. ಪಕ್ಕದ ಹೆಂಗಸು "ಈ ಮನುಷ್ಯ ಸರಿ ಇಲ್ಲ" ಎಂದು ಎದ್ದುಹೋದಳು. ಎದುರಿನವನು ಅವನನ್ನು ಅಣಕಿಸುತ್ತಾ ವಿಡಿಯೊ ಮಾಡಿದ. ಎರಡೇ ದಿನಕ್ಕೆ ಅದು ಊರಿನ ಫೋನುಗಳನ್ನೆಲ್ಲ ಸುತ್ತಿ ಬಂತು. ತಮ್ಮ ನಲವತ್ತು ದಿನ ಮಾತು ಬಿಟ್ಟ. ಇನ್ನೊಮ್ಮೆ ಹಾಗಾದರೆ ಅವನು ಬಾಯಿ ತೆರೆಯುವುದೇ ಇಲ್ಲ ಎಂದು ಅಕ್ಕನಿಗೆ ಖಾತ್ರಿಯಾಗಿತ್ತು.

ಅಂಥವನು ಈಗ ಜೋಕು ಹೇಳುತ್ತಿದ್ದ. ಅವನಿಗೆ ಕೆಲಸವೂ ಇದೇ ಗ್ರಂಥಾಲಯದಲ್ಲಿ, ಪುಸ್ತಕಗಳನ್ನು ಅವುಗಳ ಜಾಗಕ್ಕೆ ಜೋಡಿಸುವುದು. ನಾಲ್ಕು ತಿಂಗಳಿಂದ ಮನೆಗೆ ಬರುವಾಗ ಜೇಬಿನಲ್ಲಿ ಒಂದೊಂದು ಚೀಟಿ ತರುತ್ತಿದ್ದ. ಕನ್ನಡಿಯ ಮುಂದೆ ನಿಂತು ಅದರಲ್ಲಿದ್ದ ಜೋಕು ಬಾಯಿಪಾಠ ಮಾಡುತ್ತಿದ್ದ. ಜನ್ಮದಲ್ಲಿ ಒಂದೂ ತಮಾಷೆ ಮಾಡದವನು ಹೀಗೆ ಬದಲಾದದ್ದು ಕಂಡು ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಿ ಇಸ್ತ್ರಿಯಾಯಿತೇ, ಹೊಟ್ಟೆ ಸರಿಯಿದೆಯೇ ಎಂದೆಲ್ಲ ಕೇಳಿದಳು, ಬೇರೇನೂ ಕೇಳಲಿಲ್ಲ. ಕೇಳದ್ದನ್ನು ತಾನಾಗಿ ಹೇಳುವ ಪೈಕಿ ಅವನಲ್ಲ.

"ಡಾಕ್ಟರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂದ್ರು," ತಮ್ಮ ಹೇಳುತ್ತಿದ್ದ. "ಇಟ್ಟೆ. ಅರ್ಧ ಗಂಟೆ ತೆಗೀಲೇ ಇಲ್ಲ. ಈಗ ಅವರು ಬೇರೆ ಡಾಕ್ಟರ ಹತ್ರ ಹೋಗ್ತಿದಾರೆ."

ಸಭೆ ನಕ್ಕಿತು. ಕೈಗಳು ಮೇಲೆದ್ದವು. ಕುರ್ಚಿಯವನು ಮಾತ್ರ ಜೋಕು ಮುಗಿಯುವ ಮುಂಚೆಯೇ ಹಲ್ಲು ಕಿರಿದಿದ್ದ. ಅವನ ನೀಲಿ ಅಂಗಿಯ ಜೇಬು ಚೌಕವಾಗಿ ಉಬ್ಬಿತ್ತು. ಫೋನೇ, ಸಂಶಯವೇ ಬೇಡ.

ಹೆದರಿಕೆ ಹೆಚ್ಚಿಸಿದ್ದು ಇನ್ನೊಂದು ಸಂಗತಿ. ಹೆತ್ತ ತಾಯಿಯ ಮುಖವನ್ನೂ ನೇರ ನೋಡದ ತಮ್ಮ ಆ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಹಾವು ಕಂಡ ಕಪ್ಪೆಯ ಹಾಗೆ. ಅವನಿಗೂ ಗೊತ್ತಾಗಿದೆ ಎಂದುಕೊಂಡಳು ಅಕ್ಕ. ಬಾಟಲಿ ಕೆಳಗಿಟ್ಟಳು.

ಅವಳು ಗೋಡೆಯ ಪಕ್ಕದಿಂದ ಬಾಗಿಲ ಬಳಿಗೆ ಓಡಿದಳು. ಅಲ್ಲಿ ಕಾವಲಿಗೆ ನಿಂತಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು.

"ಸಾರ್, ಆ ನೀಲಿ ಅಂಗಿಯವನನ್ನ ಆಚೆ ಕಳಿಸಿ."

"ಇಲ್ಲಿಂದ ಯಾರನ್ನೂ ಕಳಿಸಲ್ಲಮ್ಮ. ಬೇರೆ ಎಲ್ಲಾ ಕಡೆಯಿಂದ ಕಳಿಸಿಕೊಂಡವರೇ ಇಲ್ಲಿಗೆ ಬರೋದು."

"ವಿಡಿಯೊ ಮಾಡ್ತಿದಾನೆ. ನನ್ನ ತಮ್ಮನ್ನ ಅಣಕಿಸ್ತಿದಾನೆ. ಆ ಮನುಷ್ಯ ಸರಿ ಇಲ್ಲ ಸಾರ್, ನೋಡಿದ್ರೇ ಗೊತ್ತಾಗಲ್ವಾ?"

"ಒಂದು ಮಾತು ಕೇಳಿ ನೋಡ್ಲಾ?"

"ಕೇಳಿ. ಬಾಯಿ ಬಿಡ್ತಾನಾ ನೋಡಿ."

ಮೇಷ್ಟ್ರು ಕುರ್ಚಿಯವನ ಬಳಿ ಹೋಗಿ, ಬಗ್ಗಿ ಪಿಸುಮಾತಿನಲ್ಲಿ ಕೇಳಿದರು. ಯಾರು, ಏನು, ಜೇಬಿನಲ್ಲೇನು. ಅವನು ಉತ್ತರಿಸಲಿಲ್ಲ. ಅವರ ಮುಖವನ್ನೂ ನೋಡಲಿಲ್ಲ. ಕೈ ಮಾತ್ರ ತಟ್ಟನೆ ಜೇಬು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಮೇಷ್ಟ್ರಿಗೂ ಬೇಕಾಗಲಿಲ್ಲ. ತೋಳು ಹಿಡಿದಾಗ ಅವನು ಬೆಂಕಿ ತಗುಲಿದವನಂತೆ ಬೆಚ್ಚಿದ. ಬಾಗಿಲಲ್ಲಿ ಒಮ್ಮೆ ತಿರುಗಿ ವೇದಿಕೆಯತ್ತ ಕೈ ಎತ್ತಿದ. ನೋಡಿಕೊಳ್ಳುತ್ತೇನೆ ಎಂದು ಬೆದರಿಸಿದ ಹಾಗಿತ್ತು. ಬಾಗಿಲು ಮುಚ್ಚಿತು.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಪರದೆಯ ಬಳಿಗೆ ವಾಪಸಾಗುವಾಗ ತಮ್ಮ ಕೊನೆಯ ಜೋಕು ಶುರುಮಾಡಿದ್ದ.

"ನಮ್ಮಕ್ಕಂಗೆ ಲೋಕ ಕಂಡ್ರೆ ಭಯ. ಲೋಕಕ್ಕೆ ನನ್ನ ಕಂಡ್ರೆ ಭಯ. ನಂಗೆ..."

ನಿಂತುಬಿಟ್ಟ.

ಜನ ನಗಲು ಸಿದ್ಧರಾಗಿ ಕಾದರು. ಕೆಲವರ ಕೈ ಅರ್ಧ ಎದ್ದು ಅಲ್ಲೇ ಉಳಿಯಿತು. ತಮ್ಮನ ಕಣ್ಣು ಖಾಲಿ ಕುರ್ಚಿಯ ಮೇಲಿತ್ತು. ಬೆರಳುಗಳು ಅಂಗಿಯ ಅಂಚನ್ನು ತಿರುಚತೊಡಗಿದವು. ಆ ನಲವತ್ತು ದಿನಗಳೂ ಹೀಗೆಯೇ ಶುರುವಾಗಿದ್ದವು. ಒಂದು ನಿಮಿಷ ಮುಂಚೆ ಕಳಿಸಬೇಕಿತ್ತು, ತಡಮಾಡಿದೆ, ಆ ಪಾಪಿ ಮಾಡುವುದನ್ನು ಮಾಡಿಯೇ ಹೋದ ಎಂದುಕೊಂಡಳು ಅಕ್ಕ.

ತಮ್ಮ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡ.

"ಅಕ್ಕ, ಅವನನ್ನ ಯಾಕೆ ಆಚೆ ಕಳಿಸ್ದೆ? ಅವನಿಗೆ ಮಾತು ಬರಲ್ಲ, ನಂಗೆ ಜೋಕು ಬರಲ್ಲ. ಇದೆಲ್ಲಾ ಚೀಟೀಲಿ ಬರೆದು ಕೊಟ್ಟೋನು ಅವನು."