ಕೋಟಿನ ಗುಂಡಿ ಎಲ್ಲಿಡಲಿ?

ಹುಡುಗಿಯರ ಓಟ ಶುರುವಾಯಿತೆಂದು ರೇಡಿಯೋ ಕೂಗಿದ್ದೇ ತಡ, ಅಜ್ಜಿ ಇಸ್ತ್ರಿ ಮೇಜಿನ ತುದಿಯಲ್ಲಿ ಆರು ಗುಂಡಿಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಳು. ಐದು ಅಂಗಿಯ ಚಿಕ್ಕ ಗುಂಡಿಗಳು. ಇನ್ನೊಂದು ಕೋಟಿನದು, ದಪ್ಪನೆಯದು. ಅದು ಬುಗುರಿ. ಬುಗುರಿಯೆಂದರೆ ಮೊಮ್ಮಗಳು. ನಡೆಯಲು ಕಲಿತಾಗಿನಿಂದ ಮನೆಯೊಳಗೆ ಗಿರಗಿರನೆ ಸುತ್ತಿದವಳು, ಈಗ ಎಲ್ಲೋ ದೂರದ ಮೈದಾನದಲ್ಲಿ ಸುತ್ತುತ್ತಿದ್ದಾಳೆ. ಮೊದಲ ಮೂವರಲ್ಲಿ ಬಂದರೆ ತರಬೇತಿಯ ಹಾಸ್ಟೆಲಿನಲ್ಲೇ ಉಳಿಯುತ್ತಾಳೆ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಬಂದು ಅಮ್ಮನ ಪಕ್ಕದಲ್ಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ ಹಿಡಿಯಬೇಕು.

ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಇಸ್ತ್ರಿಗೆ ಬಂದ ಅಂಗಿಗಳಲ್ಲಿ ಗುಂಡಿ ಕಿತ್ತುಹೋದ ಜಾಗವನ್ನು ಬೆರಳಲ್ಲೇ ಹುಡುಕಿ ಹೊಲಿಯುವವಳು. ಓಟವನ್ನೂ ಹಾಗೆ ಬೆರಳಲ್ಲೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮುಂಚೆ ಗಂಡಸರ ಓಟ ಮುಗಿದಿತ್ತು. ಯಾರು ಒಳಗಿನಿಂದ ನುಗ್ಗಿದ, ಯಾರಿಗೆ ಉಸಿರು ಕಟ್ಟಿತು, ಯಾರು ಕೊನೆಯ ತಿರುವಿಗೆಂದು ಬಲ ಉಳಿಸಿಕೊಂಡಿದ್ದ, ಎಲ್ಲವನ್ನೂ ರೇಡಿಯೋದವನು ಕಣ್ಣಿಗೆ ಕಟ್ಟುವಂತೆ ಹೇಳಿದ್ದ. ಅವನು ಹೇಳಿದ ಹಾಗೆಲ್ಲ ಗುಂಡಿಗಳು ಹಿಂದುಮುಂದಾಗಿ, ಮೇಜಿನ ಮೇಲೆ ಕುದುರೆಗಳಂತೆ ಓಡಿದ್ದವು. ಒಳ್ಳೆಯ ಬಾಯಿ ಇವನದು ಎಂದು ಅಜ್ಜಿ ಸೊಸೆಯ ಮುಂದೆ ಮೆಚ್ಚಿಕೊಂಡಿದ್ದಳು.

ಈಗ ಅದೇ ಬಾಯಿ ಕೆಂಪು ರಿಬ್ಬನ್ನಿನಿಂದ ಶುರುಮಾಡಿತು. ಆರನೇ ನಂಬರಿನ ಹುಡುಗಿ ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿದ್ದಾಳಂತೆ. ಆರನೇ ನಂಬರು ತನ್ನದೆಂದು ಬುಗುರಿ ಬೆಳಿಗ್ಗೆಯೇ ತಿಳಿಸಿದ್ದಳು. ಅಜ್ಜಿಯ ತೋರುಬೆರಳು ಕೋಟಿನ ಗುಂಡಿಯ ಮೇಲೆ ಸಿದ್ಧವಾಗಿ ಕೂತಿತು. ಓಡುವಾಗ ಆ ಜಡೆಗಳು ಕುಣಿಯುವ ಚೆಂದವೇ ಚೆಂದವಂತೆ. ಕೆನ್ನೆಯಲ್ಲಿ ಗುಳಿ ಬೀಳುತ್ತದಂತೆ. ಬಿಸಿಲಿಗೆ ಬಣ್ಣ ಕಂದಿದ್ದರೂ ಲಕ್ಷಣವಾದ ಮುಖವಂತೆ. ಪಕ್ಕದವಳದು ಹಂಸದ ಕತ್ತು. ಅವಳ ಆಚೆಯವಳು ಒಂದಿಷ್ಟು ನಕ್ಕಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತಿದ್ದಳಂತೆ. ಬೆರಳು ಕಾಯುತ್ತಲೇ ಇತ್ತು. ಗುಂಡಿ ಹೊರಟ ಜಾಗದಲ್ಲೇ ಇತ್ತು.

"ಮುಂದಿದಾಳಾ, ಹಿಂದಿದಾಳಾ?" ಅಜ್ಜಿ ಕೇಳಿದಳು.

"ರೇಡಿಯೋ ಅಲ್ವಾ ಅತ್ತೆ. ನಿಮಗೆಷ್ಟು ಕಾಣುತ್ತೋ ನನಗೂ ಅಷ್ಟೇ." ಕಾಲರಿಗೆ ನೀರು ಚಿಮುಕಿಸಿದ್ದ ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದೇ ನಿಂತಿದ್ದಳು. "ಇವನೇನು ಓಟ ನೋಡೋಕೆ ಹೋಗಿದಾನೋ, ಹೆಣ್ಣು ನೋಡೋಕೋ?"

ಅಜ್ಜಿಗೆ ನಗು ಬರಲಿಲ್ಲ. ಅವಳನ್ನು ಬೇರೆಯೇ ಏನೋ ಒಂದು ಕೊರೆಯುತ್ತಿತ್ತು. ಈ ಧಾಟಿಯನ್ನು ಎಲ್ಲೋ ಕೇಳಿದ್ದೇನಲ್ಲ? ಮೊದಲು ಜಡೆ, ಆಮೇಲೆ ಕೆನ್ನೆ, ಆಮೇಲೆ ಬಣ್ಣ, ಆಮೇಲೆ ಕತ್ತು. ಈ ಸಾಲು, ಈ ರಾಗ ತೀರಾ ಹತ್ತಿರದ್ದು, ಮನೆಯೊಳಗಿನದ್ದೇ. ಯಾರು ಹೀಗೆ ಮಾತಾಡುತ್ತಿದ್ದರು? ತೀರಿಹೋದ ಗಂಡನಂತೂ ಅಲ್ಲ. ಅವಳ ತಲೆಯ ಮೇಲೆ ಕೂದಲಿದೆಯೋ ಇಲ್ಲವೋ ಎಂದೂ ನೋಡಿದವನಲ್ಲ ಅವನು. ನೆನಪು ನಾಲಿಗೆಯ ತುದಿಗೆ ಬಂದು ಬಂದು ಜಾರುವಷ್ಟರಲ್ಲಿ ಕೊನೆಯ ಸುತ್ತಿನ ಗಂಟೆ ಬಾರಿಸಿತು. ಜನ ಹೋ ಎಂದರು. ಯಾರನ್ನು ನೋಡಿ ಹೋ ಎಂದರೋ ತಿಳಿಯಲಿಲ್ಲ. ಬೆವರಿದರೂ ಮುಖದ ಕಳೆ ಮಾಸದ ಹುಡುಗಿಯರಿಗೆಲ್ಲ ಅಭಿನಂದನೆ ಹೇಳಿ ರೇಡಿಯೋದವನು ಹಾಡು ಹಾಕಿಬಿಟ್ಟ. ಸೊಸೆಯ ಇಸ್ತ್ರಿಪೆಟ್ಟಿಗೆ ಇನ್ನೂ ಗಾಳಿಯಲ್ಲೇ ಇತ್ತು.

ಹಾಡಿನ ಮೇಲೆ ಹಾಡು ಮುಗಿದ ಮೇಲೆ ಫೋನು ಬಂತು. ಸೊಸೆ ಅದನ್ನು ಇಬ್ಬರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು.

"ಅಜ್ಜೀ, ನೋಡಿದ್ಯಾ?" ಬುಗುರಿ ಯಾವಾಗಲೂ ಹಾಗೆಯೇ ಕೇಳುವುದು.

"ನೋಡ್ದೆ. ಕೆಂಪು ರಿಬ್ಬನ್ ಕಟ್ಟಿದೀಯಂತೆ. ಕೋಟಿನ ಗುಂಡಿ ಎಲ್ಲಿಡಲಿ, ಮೊದಲು ಅದು ಹೇಳು."

"ಎರಡನೇ ಜಾಗ. ಕೊನೇ ತಿರುವಲ್ಲಿ ಮೂರು ಜನರನ್ನ ದಾಟಿದೆ. ಹೇಳ್ಲಿಲ್ವಾ ಅವನು?"

ಅಜ್ಜಿ ದಪ್ಪ ಗುಂಡಿಯನ್ನು ನಿಧಾನವಾಗಿ ತಳ್ಳಿದಳು. ಒಂದನ್ನು ಬಳಸಿ, ಇನ್ನೊಂದನ್ನು ಬಳಸಿ, ಮತ್ತೊಂದನ್ನೂ ಬಳಸಿ ತಂದು, ಎಲ್ಲಕ್ಕಿಂತ ಮುಂದಿದ್ದ ಗುಂಡಿಯ ಬೆನ್ನಿಗೇ ತಾಗಿಸಿ ನಿಲ್ಲಿಸಿದಳು. ಸೊಸೆ ಮೂಗೊರೆಸಿಕೊಂಡು ಕಾಲರಿನ ಮೇಲೆ ಇಸ್ತ್ರಿ ಒತ್ತಿದಳು. ಒದ್ದೆ ಬಟ್ಟೆ ಚುಂಯ್ ಎಂದಿತು.

ಕಾಲು ಸೆಳೆಯುತ್ತಿದೆ, ಹಾಸ್ಟೆಲಿನ ಬಸ್ಸು ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಒಂದು ಕಥೆ ಹೇಳು ಎಂದು ಬುಗುರಿ ಚಿಕ್ಕವಳ ಹಾಗೆ ಪೀಡಿಸಿದಳು. ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ಒಂದೂರಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಮೊಳಕಾಲುದ್ದ ಜಡೆ, ಗುಳಿ ಬೀಳೋ ಕೆನ್ನೆ, ಹಾಲಿನಂಥ ಬಣ್ಣ, ಹಂಸದ..."

ಮಾತು ಅಲ್ಲಿಗೇ ನಿಂತಿತು. ಅಜ್ಜಿ ರೇಡಿಯೋ ಇದ್ದ ಕಡೆಗೆ ಮೆಲ್ಲನೆ ಮುಖ ತಿರುಗಿಸಿದಳು. ಓ, ಆ ರಾಗ ನನ್ನದೇನಾ ಎಂದುಕೊಂಡಳು.

"ಆಮೇಲೆ? ಅವಳೇನು ಮಾಡಿದ್ಲು?" ಎಂದಿತು ಫೋನು. ತೊಡೆಯ ಮೇಲೆ ಮಲಗಿ ಕಥೆ ಕೇಳುತ್ತಿದ್ದ ಕಾಲದಿಂದಲೂ ಬುಗುರಿಯದು ಇದೊಂದೇ ಪ್ರಶ್ನೆ.

"ತಡಿ, ಮೊದಲಿಂದ ಹೇಳ್ತೀನಿ." ಅಜ್ಜಿಯ ಬೆರಳು ಮತ್ತೆ ಕೋಟಿನ ಗುಂಡಿಯ ಮೇಲೆ ಹೋಗಿ ಕೂತಿತು. "ಒಂದೂರಲ್ಲಿ ಒಬ್ಬ ರಾಜಕುಮಾರಿ ಇದ್ದಳು. ನೋಡೋಕೆ ಹೇಗಿದ್ದಳೋ ಯಾರಿಗೂ ಗೊತ್ತಿಲ್ಲ. ನೋಡೋಣ ಅಂತ ಕಣ್ಣೆತ್ತೋದರೊಳಗೆ ದಾಟಿ ಹೋಗಿರ್ತಿದ್ದಳು."