ರೈಲು ನಿಲ್ಲಿಸುವ ಹುಡುಗ

ಟಿ.ವಿ.ಯೊಳಗಿನ ತಾಯಿ ಮಗನ ಶಾಲೆಯ ಚೀಲಕ್ಕೆ ಕೈಹಾಕಿ ನೀಲಿ ಮುಖವಾಡವನ್ನು ಹೊರಗೆಳೆದಳು. ಶಾಮಲಮ್ಮನ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತಿದ್ದ ಹೆಂಗಸರು ಉಸಿರು ಬಿಗಿಹಿಡಿದರು. ಮುಖವಾಡ ತೊಟ್ಟು ಒಂದೇ ಕೈಯಲ್ಲಿ ರೈಲು ನಿಲ್ಲಿಸುವವನು ತಾನೇ ಎಂಬುದನ್ನು ಆ ಹತ್ತನೇ ಕ್ಲಾಸಿನ ಹುಡುಗ ಇಷ್ಟು ಭಾನುವಾರಗಳ ಕಂತಿನಲ್ಲೂ ಹೆತ್ತವಳಿಂದ ಮುಚ್ಚಿಟ್ಟಿದ್ದ. ಇವತ್ತು ಸಿಕ್ಕಿಬಿದ್ದ.

"ಅಯ್ಯೋ, ದೊರಿಕಿಪೋಯಾಡು!" ಎಂದು ಅಕ್ಕಯಮ್ಮಜ್ಜಿ ತೆಲುಗಿನಲ್ಲೇ ಕೂಗಿ, ಪಕ್ಕದಲ್ಲಿದ್ದ ರತ್ನಳ ತೊಡೆ ಚಿವುಟಿದಳು. "ಬೇಗ ಹೇಳೇ, ಅವ್ರಮ್ಮ ಏನಂತಾಳೆ?"

ಟೇಕಲ್ ಊರಿನ ಆ ಬೀದಿಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ಶಾಲೆಯಲ್ಲಿ ಹಿಂದಿ ಓದಿ ಈ ವರ್ಷ ಎಸ್ಸೆಸ್ಸೆಲ್ಸಿ ಬರೆದಿದ್ದ ರತ್ನ ಮಾತ್ರ ಆ ಹಿಂದಿ ಧಾರಾವಾಹಿಯ ಮಾತುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಬಂದಿದ್ದಳು. ಅವಳು ಹೇಳುವಾಗ ತಾಯಿ ಮುನಿಗಂಗಮ್ಮ ಟಿ.ವಿ.ಯನ್ನು ನೋಡುತ್ತಿರಲಿಲ್ಲ, ಮಗಳ ಬಾಯನ್ನೇ ನೋಡುತ್ತಿದ್ದಳು. ಮಗಳು ಪಾಸಾದಳೆಂದು ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ನಾಳೆ ಬೆಳಗಿನ ಗಾಡಿಗೆ ಮಾಲೂರಿಗೆ ಹೋಗಿ ಕಾಲೇಜಿಗೆ ಸೇರಿಸುವುದೆಂದು ನಿಶ್ಚಯವಾಗಿತ್ತು. ಆದರೆ ರತ್ನ ಪಾಸಾಗಿರಲಿಲ್ಲ. ಒಂದು ವಿಷಯ ಹೋಗಿತ್ತು. ಅದು ಅವಳೊಬ್ಬಳಿಗೇ ಗೊತ್ತಿತ್ತು. ನಾಳೆ ಕಾಲೇಜಿನಲ್ಲಿ ಅಮ್ಮನಿಗೂ ಗೊತ್ತಾಗುತ್ತಿತ್ತು, ಬೇರೆ ಯಾರದೋ ಬಾಯಿಂದ.

"ಹೇಳೇ ತಾಯಿ!" ಅಜ್ಜಿ ಅವಸರಿಸಿದಳು.

"ನನ್ನ ಹತ್ರ ಯಾಕೋ ಮುಚ್ಚಿಟ್ಟೆ ಅಂತ ಕೇಳ್ತಾಳೆ," ಎಂದಳು ರತ್ನ.

"ಕೇಳ್ದೆ ಇರ್ತಾಳಾ ಮತ್ತೆ, ಹೆತ್ತೋಳಲ್ವಾ," ಎಂದಳು ಮುನಿಗಂಗಮ್ಮ.

ಹುಡುಗ ತಲೆ ತಗ್ಗಿಸಿ ಏನೇನೋ ಹೇಳತೊಡಗಿದ. ಅದರಲ್ಲಿ 'ಝೂಟ್' ಎಂಬ ಒಂದೇ ಮಾತು ರತ್ನಳಿಗೆ ಸ್ಪಷ್ಟವಾಗಿ ಕೇಳಿಸಿತು. ಸುಳ್ಳು. ಉಳಿದದ್ದೆಲ್ಲ ತಮ್ಮೂರ ಸ್ಟೇಷನ್ ದಾಟುವ ಎಕ್ಸ್‌ಪ್ರೆಸ್ ಗಾಡಿಯಂತೆ ನಿಲ್ಲದೆ ಹೊರಟುಹೋಯಿತು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅಮ್ಮಾ, ನಾನು ನಿನಗೆ ಸುಳ್ಳು ಹೇಳಿದೀನಿ, ಅಂತಾನೆ."

"ರೈಲು ನಿಲ್ಲಿಸಿದ್ದು ಸುಳ್ಳಾ?" ಅಜ್ಜಿ ಗಾಬರಿಯಾದಳು.

"ಅದಲ್ಲ ಅಜ್ಜಿ. ಪಾಸಾಗಿದೀನಿ ಅಂದಿದ್ದು ಸುಳ್ಳು. ಫೇಲಾಗಿದಾನಂತೆ."

"ಅಷ್ಟು ದೊಡ್ಡ ರೈಲು ತಡೆಯೋನಿಗೆ ಪರೀಕ್ಷೆ ತಡ್ಕೊಳ್ಳೋಕಾಗಲಿಲ್ವಾ!" ಶಾಮಲಮ್ಮ ನಕ್ಕಳು. "ಯಾವುದರಲ್ಲಿ ಹೋಯ್ತಂತೆ, ಲೆಕ್ಕದಲ್ಲಾ?"

"ಹಿಂದೀಲಿ."

ನಡುಮನೆ ನಗುವಿನಿಂದ ತುಂಬಿಹೋಯಿತು. "ಹಿಂದಿಯೋನಿಗೆ ಹಿಂದೀಲೇ ಫೇಲಾ! ಹುಟ್ಟಿದಾಗಿಂದ ಅದನ್ನೇ ತಾನೇ ಮಾತಾಡ್ತಿರೋದು ಅವನು!" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುನಿಗಂಗಮ್ಮ ನಗಲಿಲ್ಲ. ನಗು ತಾನಾಗಿ ಕಡಿಮೆಯಾಗುವವರೆಗೂ ಮಗಳನ್ನು ನೋಡುತ್ತಿದ್ದಳು. ಟಿ.ವಿ.ಯಲ್ಲಿ ಸೋಪಿನ ಜಾಹೀರಾತು ಬಂತು.

"ರತ್ನಾ."

"ಹ್ಞೂಂ."

"ಅವನಂದನಾ, ನೀನಂದ್ಯಾ?"

ಈಗ ಬಾಯಿ ಎರವಲು ಕೊಡಲು ಪರದೆಯಲ್ಲಿ ಯಾರೂ ಇರಲಿಲ್ಲ. ರತ್ನಳಿಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ನಾನೇ ಅಂದಿದ್ದಮ್ಮಾ. ಫೇಲಾಗಿರೋದೂ ನಾನೇ. ಇಷ್ಟು ದಿನ ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ಅವರು ಮಾತಾಡೋದು ನನಗೆ ಕಾಲು ಭಾಗಾನೂ ತಿಳಿಯಲ್ಲ."

ರತ್ನ ಚಾಪೆಯ ಅಂಚಿನ ನಾರು ಕೀಳುತ್ತ ಕುಳಿತಳು.

"ಸಕ್ಕರೆ ಕೊಟ್ಟ ಮನೆಗಳಿಗೆಲ್ಲ ಈಗ ಏನಂತ ಹೇಳಲಿ?" ಎಂದಳು ಮುನಿಗಂಗಮ್ಮ ಕೊನೆಗೆ.

"ಏನೂ ಹೇಳ್ಬೇಡ ಕಣೇ. ತಿಂದಾಯ್ತು, ಕರಗಿ ಹೋಯ್ತು. ಯಾರು ವಾಪಸ್ ಕೊಡ್ತಾರೆ?" ಎಂದಳು ಅಜ್ಜಿ.

"ಮೊದಲೇ ಯಾಕೆ ಹೇಳಲಿಲ್ಲ?" ಮುನಿಗಂಗಮ್ಮ ಮಗಳನ್ನು ಕೇಳಿದಳು.

"ನಾನು ಕತೆ ಹೇಳೋವಾಗ ನನ್ನನ್ನೇ ನೋಡ್ತಿದ್ಯಲ್ಲಮ್ಮಾ. ಹೇಳಿದ್ಮೇಲೆ ಹಂಗೆ ನೋಡ್ತೀಯೋ ಇಲ್ವೋ ಅಂತ."

ಮುನಿಗಂಗಮ್ಮ ಕೈ ಎತ್ತಿದಳು. ರತ್ನ ಕಣ್ಣು ಮುಚ್ಚಿದಳು. ಆ ಕೈ ಬಂದು ಅವಳ ಜಡೆಯ ಸಡಿಲವಾಗಿದ್ದ ಟೇಪನ್ನು ಬಿಚ್ಚಿ ಮತ್ತೆ ಕಟ್ಟಿತು, ನೋಯುವಷ್ಟು ಬಿಗಿಯಾಗಿ.

"ನಾಳೆ ಮಾಲೂರು ಬೇಡ. ನಿಮ್ಮ ಸ್ಕೂಲಿಗೇ ಹೋಗಿ ಮೇಷ್ಟ್ರನ್ನ ಕೇಳೋಣ, ಇನ್ನೊಂದ್ಸಲ ಯಾವಾಗ ಬರೀಬೇಕು ಅಂತ. ನಾನೂ ಬರ್ತೀನಿ." ಜಡೆ ಬಿಟ್ಟು ಸೇರಿಸಿದಳು, "ಅಲ್ಲಿ ಏನಾದ್ರೂ ಕಟ್ಟಿ ಹೇಳಿದ್ರೆ ನೋಡು."

ರತ್ನಳಿಗೆ ಅಳು ಬರಬೇಕಿತ್ತು. ಬಂದದ್ದು ಹಸಿವು. ಎಷ್ಟೋ ದಿನದಿಂದ ಗಂಟಲಲ್ಲಿ ಇಳಿಯದಿದ್ದ ಮುದ್ದೆ ಇವತ್ತು ಇಳಿಯುತ್ತದೆ ಅನ್ನಿಸಿತು.

"ಅಲ್ವೇ," ಅಕ್ಕಯಮ್ಮಜ್ಜಿ ಇನ್ನೂ ತನ್ನ ಲೆಕ್ಕದಲ್ಲೇ ಇದ್ದಳು, "ಅವನ ಸೋದರಮಾವ ಮುಳಬಾಗಿಲಿನೋನು ಅಂದಿದ್ಯಲ್ಲ, ಅದೂ ನೀನೇನಾ?"

"ನಾನೇ ಅಜ್ಜಿ."

"ಆ ಮಾವ ಹುಡುಗನ ಅಕ್ಕನ ಮದುವೆಗೆ ಸೀಮೆಹಸು ಕೊಡ್ತೀನಿ ಅಂದಿದ್ದು?"

"ಅದೂನು."

ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಯೋಚಿಸಿದಳು. ಜಾಹೀರಾತು ಮುಗಿದು ತಾಯಿ ಮಗ ಮತ್ತೆ ಪರದೆಗೆ ಬಂದರು. ತಾಯಿ ಮುಖವಾಡ ಹಿಡಿದುಕೊಂಡೇ ಮಾತಾಡತೊಡಗಿದಳು. ಏನಂತಾಳೆ ಎಂದು ಈ ಸಲ ಯಾರೂ ಕೇಳಲಿಲ್ಲ. ರತ್ನ ಎದ್ದು ಹೋಗಲೆಂದು ಚಾಪೆಗೆ ಕೈಯೂರಿದಳು. ಅಜ್ಜಿ ಅವಳ ಲಂಗ ಹಿಡಿದು ಕೂರಿಸಿದಳು.

"ಶಾಮಲಾ, ಆ ಟಿ.ವಿ. ಸೌಂಡು ಪೂರ್ತಿ ಕಮ್ಮಿ ಮಾಡಮ್ಮ. ಹುಡುಗಿಗೆ ಕತೆ ಹೇಳೋಕೆ ಅಡ್ಡ ಬರುತ್ತೆ."