ಸಿಗ್ನಲ್ ಸಿಗುವ ಜಾಗ

ನಮ್ಮ ಆರೋಗ್ಯ ಉಪಕೇಂದ್ರಕ್ಕೆ ರಿಯಾಯಿತಿ ದರದ ಇಂಟರ್ನೆಟ್ ಬೇಕಿತ್ತು. ಅದು ಬಂದರೆ ರೋಗಿಗಳನ್ನು ಜಿಲ್ಲಾಸ್ಪತ್ರೆಯ ಡಾಕ್ಟರಿಗೆ ವಿಡಿಯೊದಲ್ಲೇ ತೋರಿಸಬಹುದು. ಆದರೆ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬೇಕು. ಊರಲ್ಲಿ ಸಿಗ್ನಲ್ ಸಿಗುವುದು ಸ್ಮಶಾನದ ದಿಬ್ಬದ ಮೇಲಷ್ಟೇ. ನರ್ಸ್ ಆದ ನಾನೇ ದಿಬ್ಬ ಹತ್ತಿ, ಒಂದು ಗೋರಿಯ ಮೇಲೆ ಕೂತು ಅರ್ಜಿ ತುಂಬಿದೆ. ಜಾಗದ ಗುರುತನ್ನು ಮೊಬೈಲೇ ಹಾಕಿಕೊಂಡಿತು.

ಮುಂದಿನ ವರ್ಷ ಮಂಜೂರಾಯಿತು. ಕೇಬಲ್ ಎಳೆಯುವವರು ಬಂದು ದಿಬ್ಬದ ಮೇಲೆ ಕಂಬ ನೆಟ್ಟು, ಪೆಟ್ಟಿಗೆ ಕೂರಿಸಿದರು.

"ಆಸ್ಪತ್ರಿ ಕೆಳಗೈತ್ರಿ," ಅಂದೆ.

"ಮ್ಯಾಪಿನ್ಯಾಗ ಇದ ಜಾಗ ಐತ್ರಿ ಸಿಸ್ಟರ್. ಬದಲಿ ಮಾಡಬೇಕಂದ್ರ ಹೊಸದಾಗಿ ಅರ್ಜಿ ಹಾಕ್ರಿ."

ಹೊಸ ಅರ್ಜಿಯನ್ನೂ ಅಲ್ಲೇ ಕೂತು ಹಾಕಿದೆ.

ಇವತ್ತು ಬೆಳಿಗ್ಗೆ ದುರುಗಜ್ಜನಿಗೆ ಎದ್ದು ಕೂರಲಾಗದಷ್ಟು ಜ್ವರ. ಮಲಗಿದ್ದ ಹೊರಸಿನ ಸಮೇತ ಅವನ ಗಂಡುಮಕ್ಕಳು ಹೆಗಲ ಮೇಲೆ ಹೊತ್ತರು. ನಾನು ಮುಂದೆ ನಡೆದೆ. ದಿಬ್ಬದ ದಾರಿ ಹಿಡಿದಾಗ ಅಜ್ಜ ಕಣ್ಣು ಬಿಟ್ಟ.

"ಯವ್ವಾ, ನಾ ಇನ್ನೂ ಸತ್ತಿಲ್ಲ. ಈಗಲೇ ಅಲ್ಲಿಗ್ಯಾಕ ಒಯ್ಯಾಕತ್ತೀರಿ?"

"ಡಾಕ್ಟರಿಗೆ ತೋರ್ಸಾಕ, ಅಜ್ಜಾ."